ಬೆಂಗಳೂರಿನಾಚೆಯ ತಾಂತ್ರಿಕ ಕಾರ್ಯಾಗಾರಕ್ಕೆ ಸಂಪನ್ಮೂಲ ವ್ಯಕ್ತಿಯಾಗಿ ಹೊರಡುವವರಿಗೆ

ಕರ್ನಾಟಕದಲ್ಲಿ ತಂತ್ರಾಂಶ ಸಮುದಾಯಗಳ ದೊಡ್ಡ ಸಮಾವೇಶಗಳು ಬಹುಮಟ್ಟಿಗೆ ಬೆಂಗಳೂರಿನಲ್ಲೇ ನಡೆಯುತ್ತ ಬಂದಿವೆ. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂದು ಆರಂಭವಾಗಿ ಮುಂದೆ ಫಾಸ್ ಡಾಟ್ ಇನ್ ಎಂಬ ಹೆಸರು ಪಡೆದ ಮುಕ್ತ ತಂತ್ರಾಂಶ ಸಮ್ಮೇಳನ, 2009ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನಡೆದ, ಪೈಥಾನ್ ಭಾಷೆಯ ಬಳಕೆದಾರರ ಮೊದಲ ಪೈಕಾನ್ ಇಂಡಿಯಾ, ಈಚಿನ ವರ್ಷಗಳ ಇಂಡಿಯಾಫಾಸ್ ಎಲ್ಲವೂ ಈ ನಗರದಲ್ಲಿ ನಡೆದವು. ಇಂಥ ಸಮಾವೇಶಗಳಿಗೆ ಪ್ರಾಯೋಜಕರಿರುತ್ತಾರೆ, ಭಾಷಣಗಳನ್ನು ಆಯ್ದುಕೊಳ್ಳುವ ಸಮಿತಿ ಇರುತ್ತದೆ, ಪ್ರೊಜೆಕ್ಟರು ಕೈಕೊಟ್ಟರೆ ಓಡಿಬರುವವರೂ ಇರುತ್ತಾರೆ. ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗ, ಬಳ್ಳಾರಿ, ಮಂಗಳೂರುಗಳಲ್ಲಿ ನಡೆಯುವ ಕಾರ್ಯಕ್ರಮಗಳ ಬಗೆಯೇ ಬೇರೆ. ಗಣಕವಿಜ್ಞಾನ ವಿಭಾಗದ ಒಬ್ಬ ಉತ್ಸಾಹಿ ಅಧ್ಯಾಪಕರು, ಐದಾರು ವಿದ್ಯಾರ್ಥಿಗಳು, ಊರಿನ ಒಂದು ಸಣ್ಣ ಬಳಕೆದಾರರ ಬಳಗ ಸೇರಿ ಸೆಪ್ಟೆಂಬರ್ ತಿಂಗಳ ಮೂರನೆಯ ಶನಿವಾರದ ತಂತ್ರಾಂಶ ಸ್ವಾತಂತ್ರ್ಯ ದಿನವನ್ನೋ, ಒಂದು ದಿನದ ಪೈಥಾನ್ ಕಾರ್ಯಾಗಾರವನ್ನೋ, ವಿಕಿಪೀಡಿಯ ಸಂಪಾದನೋತ್ಸವವನ್ನೋ ಏರ್ಪಡಿಸಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಯಾರನ್ನಾದರೂ ಕರೆಯುತ್ತಾರೆ. ಹಾಗೆ ಕರೆಸಿಕೊಂಡು, ಸಂಭಾವನೆ ಇಲ್ಲದೆ, ತಮ್ಮ ವಾರಾಂತ್ಯವನ್ನು ಕೊಟ್ಟು ಹೋಗುವವರಿಗಾಗಿ ಈ ಬರಹ. ಇಂಥ ಪ್ರಯಾಣ ಫಲಕೊಡುವುದೋ ಇಲ್ಲವೋ ಎಂಬುದು ವೇದಿಕೆ ಹತ್ತುವ ಎರಡು ಮೂರು ವಾರ ಮೊದಲೇ, ದೂರವಾಣಿಯ ಮಾತುಕತೆಯಲ್ಲಿ, ತೀರ್ಮಾನವಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಇಲ್ಲಿ ಭಾಷಣ ಕಲೆಗಿಂತ ಪೂರ್ವಸಿದ್ಧತೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಒಪ್ಪಿಕೊಳ್ಳುವ ಮುನ್ನ

ಆಹ್ವಾನ ಸಾಮಾನ್ಯವಾಗಿ ವಾಟ್ಸ್ಆ್ಯಪ್‌ನಲ್ಲಿ ಒಂದೆರಡು ಸಾಲುಗಳಲ್ಲಿ ಬರುತ್ತದೆ: ನಮ್ಮ ಕಾಲೇಜಿನಲ್ಲಿ ಕೃತಕ ಬುದ್ಧಿಮತ್ತೆಯ ಬಗ್ಗೆ ಒಂದು ದಿನದ ಕಾರ್ಯಾಗಾರವಿದೆ, ತಾವು ಬರಬೇಕು. ಇದಕ್ಕೆ ಆಗಲಿ ಎಂದೋ ಆಗದು ಎಂದೋ ಉತ್ತರಿಸುವ ಮೊದಲು ಅರ್ಧ ಗಂಟೆಯ ಮಾತುಕತೆಗೆ ಸಮಯ ಕೇಳಿ. ಆ ಮಾತುಕತೆ ಇಬ್ಬರೊಡನೆ ಬೇರೆ ಬೇರೆಯಾಗಿ ನಡೆಯುವುದು ಒಳ್ಳೆಯದು. ಕೇಳುಗರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂಬುದನ್ನು ಕಾರ್ಯಕ್ರಮ ನಡೆಸುವ ವಿದ್ಯಾರ್ಥಿ ಮುಚ್ಚುಮರೆ ಇಲ್ಲದೆ ಹೇಳುತ್ತಾನೆ ಅಥವಾ ಹೇಳುತ್ತಾಳೆ. ಲ್ಯಾಬಿನ ಬೀಗದ ಕೈ, ಪ್ರಾಂಶುಪಾಲರ ಅನುಮತಿ, ವೋಚರಿನ ಸಹಿ ಇವೆಲ್ಲ ಅಧ್ಯಾಪಕರ ಕೈಯಲ್ಲಿರುತ್ತವೆ. ಒಬ್ಬರೊಡನೆ ಮಾತ್ರ ಮಾತನಾಡಿ ಹೊರಟವರಿಗೆ ಇನ್ನೊಬ್ಬರ ಕಡೆಯ ಸಂಗತಿಗಳು ಅಲ್ಲಿ ಹೋದ ಮೇಲೆಯೇ ತಿಳಿಯುತ್ತವೆ.

ಮೊದಲು ಕೇಳಬೇಕಾದದ್ದು, ಕೇಳುಗರು ತಾವಾಗಿ ಹೆಸರು ನೋಂದಾಯಿಸಿಕೊಂಡು ಬರುತ್ತಾರೆಯೇ ಅಥವಾ ಹಾಜರಾತಿಗಾಗಿ ಇಡೀ ತರಗತಿಯನ್ನು ಕರೆತಂದು ಕೂರಿಸುತ್ತಾರೆಯೇ ಎಂಬುದು. ಎರಡನೆಯದಾದರೆ ಹೋಗಬಾರದೆಂದೇನೂ ಇಲ್ಲ, ಆದರೆ ವಿಷಯವನ್ನು ಬೇರೆ ರೀತಿ ಸಿದ್ಧಪಡಿಸಬೇಕಾಗುತ್ತದೆ. ಇನ್ನೂರು ಮಂದಿಯ ಸಭಾಂಗಣದಲ್ಲಿ ಕೈಯಾರೆ ಮಾಡಿ ಕಲಿಯುವ ಕಾರ್ಯಾಗಾರ ಸಾಧ್ಯವಿಲ್ಲ ಎಂಬುದನ್ನು ಆಗಲೇ ಹೇಳಿ, ಮೊದಲು ಎಲ್ಲರಿಗೂ ಒಂದು ಗಂಟೆಯ ಉಪನ್ಯಾಸ, ಆಮೇಲೆ ಆಸಕ್ತ ಮೂವತ್ತು ನಲವತ್ತು ಮಂದಿಗೆ ಲ್ಯಾಬಿನಲ್ಲಿ ಅಭ್ಯಾಸ ಎಂದು ವಿಭಾಗಿಸಿಕೊಳ್ಳಬಹುದು. ನನ್ನ ಮಟ್ಟಿಗೆ, ಆ ಮೂವತ್ತು ಮಂದಿಯ ಲ್ಯಾಬು ಇಲ್ಲದ ಕಾರ್ಯಕ್ರಮಕ್ಕಾಗಿ ರಾತ್ರಿಯಿಡೀ ಪ್ರಯಾಣ ಮಾಡುವುದು ದಂಡ. ಬರಿಯ ಉಪನ್ಯಾಸ ಸಾಕೆಂದಾದರೆ ಅದನ್ನು ವೀಡಿಯೊ ಕರೆಯಲ್ಲಿ ಮಾಡಿ ಮುಗಿಸಬಹುದು, ಹಾಗೆಂದು ನೇರವಾಗಿ ಹೇಳುವುದರಲ್ಲಿ ಅಗೌರವವೇನೂ ಇಲ್ಲ.

ದಿನಾಂಕವನ್ನು ನೀವೂ ಪರಿಶೀಲಿಸಬೇಕು. ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವೇಳಾಪಟ್ಟಿಯಂತೆ ನಡೆಯುತ್ತವೆ. ಆಂತರಿಕ ಪರೀಕ್ಷೆಯ ವಾರದ ಹಿಂದುಮುಂದಿನ ಶನಿವಾರ ಕಾರ್ಯಕ್ರಮ ಇಟ್ಟುಕೊಂಡರೆ ಬಂದ ಹುಡುಗರ ಮನಸ್ಸು ಪುಸ್ತಕದಲ್ಲೇ ಇರುತ್ತದೆ. ಹಾಸ್ಟೆಲಿನವರು ಊರಿಗೆ ಹೋಗುವ ಭಾನುವಾರಕ್ಕಿಂತ ಶನಿವಾರ ವಾಸಿ. ನಿಮಗೂ ಹಿಂದಿರುಗಲು ಒಂದು ದಿನ ಉಳಿಯುತ್ತದೆ. ಆಯಾ ಊರಿನ ಹಬ್ಬ, ಜಾತ್ರೆಗಳನ್ನು ಕೇಳಿ ತಿಳಿದುಕೊಳ್ಳಿ. ಸೆಪ್ಟೆಂಬರ್ 17 ಕಲಬುರಗಿ ಕಡೆಯವರಿಗೆ ಕಲ್ಯಾಣ ಕರ್ನಾಟಕ ಉತ್ಸವದ ದಿನ, ಬೆಂಗಳೂರಿನವರಿಗೆ ಅದು ಬರಿಯ ಮತ್ತೊಂದು ತಾರೀಖು. ಶಿವರಾತ್ರಿಯ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಸಿದ್ಧಾರೂಢರ ಜಾತ್ರೆ, ದಸರೆಯಲ್ಲಿ ಮೈಸೂರು ಇವೆಲ್ಲ ವಸತಿಗೃಹವೂ ಬಸ್ಸೂ ಸಿಗದ ಕಾಲಗಳು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರುಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ತಾರಸಿಯ ಕೆಳಗಿನ ಸಭಾಂಗಣದಲ್ಲಿ ಮಧ್ಯಾಹ್ನದ ಪಾಠ ಯಾರಿಗೂ ಹಿಡಿಸದು.

ವಿಷಯದ ಆಯ್ಕೆಯಲ್ಲೂ ಸ್ವಲ್ಪ ಚೌಕಾಸಿ ಮಾಡಬೇಕು. ಆಹ್ವಾನದಲ್ಲಿರುವ ವಿಷಯ ಆ ವರ್ಷ ಎಲ್ಲರ ಬಾಯಲ್ಲಿರುವ ಶಬ್ದವೇ ಆಗಿರುತ್ತದೆ. ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ, ತಂತ್ರಾಂಶದ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಬಳಸಲು ಬಾರದಿರುವಾಗ ಒಂದೇ ದಿನದಲ್ಲಿ ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳನ್ನು ಕಲಿಸುತ್ತೇನೆಂದು ಒಪ್ಪಿಕೊಳ್ಳುವುದು ಕರಪತ್ರಕ್ಕಷ್ಟೇ ಅಲಂಕಾರ. ಅದರ ಬದಲು ಗಿಟ್, ಕಮಾಂಡ್ ಲೈನ್, ದೋಷ ಹುಡುಕುವ ಕ್ರಮ, ಇನ್ನೊಬ್ಬರ ತಂತ್ರಾಂಶಕ್ಕೆ ಒಂದು ಸಣ್ಣ ತಿದ್ದುಪಡಿ ಕಳುಹಿಸುವ ಬಗೆ ಇಂಥದನ್ನು ಸೂಚಿಸಿ. ಶೀರ್ಷಿಕೆಯಲ್ಲಿ ಅವರಿಗೆ ಬೇಕಾದ ಶಬ್ದ ಇದ್ದರೆ ಇರಲಿ.

ಖರ್ಚಿನ ಮಾತು

ಸ್ವಯಂಸೇವೆ ಎಂದ ಮಾತ್ರಕ್ಕೆ ಪ್ರಯಾಣದ ಖರ್ಚನ್ನು ಯಾರು ಭರಿಸುತ್ತಾರೆ ಎಂದು ಕೇಳಬಾರದೆಂಬ ಸಂಕೋಚ ನಮ್ಮಲ್ಲಿ ಬಹಳ. ಕೇಳದೆ ಹೋಗಿ, ಕೊಡಲಿಲ್ಲವೆಂದು ಆಮೇಲೆ ಮನಸ್ಸಿನಲ್ಲೇ ಕೊರಗುವುದಕ್ಕಿಂತ, ಮೊದಲ ಮಾತುಕತೆಯಲ್ಲೇ ಎರಡರಲ್ಲಿ ಒಂದನ್ನು ಹೇಳಿಬಿಡುವುದು ಎಲ್ಲರಿಗೂ ಹಿತ: ಪ್ರಯಾಣ ಮತ್ತು ವಸತಿಯ ವೆಚ್ಚವನ್ನು ಸಂಸ್ಥೆ ಭರಿಸಬೇಕಾಗುತ್ತದೆ ಎಂದು, ಇಲ್ಲವೇ ಅದು ನನ್ನದೇ ಇರಲಿ ಎಂದು. ಸಂಸ್ಥೆ ಕೊಡುವುದಾದರೆ ಲೆಕ್ಕಪತ್ರ ವಿಭಾಗಕ್ಕೆ ಮೂಲ ಟಿಕೆಟು, ವಸತಿಗೃಹದ ರಸೀತಿ, ಪ್ಯಾನ್ ಸಂಖ್ಯೆ, ಬ್ಯಾಂಕ್ ವಿವರ ಬೇಕಾಗುತ್ತದೆ, ರಸೀತಿ ಯಾರ ಹೆಸರಿನಲ್ಲಿರಬೇಕು ಎಂಬುದಕ್ಕೂ ಅವರದೇ ನಿಯಮವಿರುತ್ತದೆ. ಇದನ್ನು ಮೊದಲೇ ಕೇಳಿಟ್ಟುಕೊಂಡರೆ ಆಮೇಲೆ ವಿದ್ಯಾರ್ಥಿಗಳು ನಿಮ್ಮ ಪರವಾಗಿ ಕಚೇರಿಗೆ ಅಲೆಯುವುದು ತಪ್ಪುತ್ತದೆ. ಹಣ ಕೈಗೆ ಬರುವುದು ನಿಧಾನವೆಂದು ತಿಳಿದೇ ಹೊರಡಿ.

ಹಣ ಎಲ್ಲಿಂದ ಬರುತ್ತದೆ ಎಂದೂ ಕೇಳಬೇಕು. ಕಾಲೇಜಿನ ಅನುದಾನವೂ ಪ್ರಾಯೋಜಕರೂ ಇಲ್ಲದೆ ವಿದ್ಯಾರ್ಥಿಗಳೇ ತಲಾ ನೂರಿನ್ನೂರು ರೂಪಾಯಿ ಹಾಕಿ ನಿಮ್ಮ ಟಿಕೆಟು ತೆಗೆಸುತ್ತಿದ್ದರೆ ಅದನ್ನು ಒಪ್ಪಿಕೊಳ್ಳಬೇಡಿ. ಇನ್ನೊಂದು ಸೂಕ್ಷ್ಮವೂ ಇದೆ. ಒಳ್ಳೆಯ ಸಂಬಳವಿರುವ ನಾವು ಖರ್ಚು ನಮ್ಮದೇ ಎಂದು ವೇದಿಕೆಯ ಮೇಲೆ ಹೇಳಿಕೊಂಡರೆ, ಮುಂದಿನ ಸಲ ಅದೇ ಕಾಲೇಜು ಕರೆಯುವ ಸಂಶೋಧನಾ ವಿದ್ಯಾರ್ಥಿಗೋ ಕೆಲಸ ಬಿಟ್ಟು ಕೂತಿರುವವರಿಗೋ ಬಸ್ಸಿನ ಹಣ ಕೇಳುವುದು ಕಷ್ಟವಾಗುತ್ತದೆ. ಖರ್ಚು ಬೇಡವೆನ್ನುವವರು ಅದನ್ನು ಖಾಸಗಿಯಾಗಿ ಹೇಳಿ, ಆ ಮೊತ್ತವನ್ನು ಮುಂದಿನ ಭಾಷಣಕಾರರಿಗೆ ತೆಗೆದಿಡಿ ಎಂದು ಕೇಳಿಕೊಳ್ಳುವುದು ಮೇಲು.

ನೌಕರಿಯಲ್ಲಿರುವವರು ತಮ್ಮ ಕಂಪನಿಯ ನಿಯಮವನ್ನೂ ನೋಡಿಕೊಳ್ಳಬೇಕು. ಹೊರಗಡೆ ಮಾತನಾಡಲು ಪೂರ್ವಾನುಮತಿ ಬೇಕೆಂದು ಕೆಲವು ಕಡೆ ನಿಯಮವಿದೆ; ಕಂಪನಿಯ ಲಾಂಛನವಿರುವ ಸ್ಲೈಡುಗಳಿಗಂತೂ ಅನುಮತಿ ಬೇಕೇ ಬೇಕು. ಕಚೇರಿಯ ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟು ಸ್ವಂತದ್ದನ್ನು ಒಯ್ಯಿರಿ. ಅಪರಿಚಿತ ಪೆನ್‌ಡ್ರೈವುಗಳು, ಅಪರಿಚಿತ ಜಾಲ, ರಾತ್ರಿ ಬಸ್ಸು ಇವುಗಳ ನಡುವೆ ಕಚೇರಿಯ ಯಂತ್ರವನ್ನು ಕೊಂಡೊಯ್ಯಬೇಕಾದ ಅಗತ್ಯವಿಲ್ಲ.

ದಾರಿ

ಹಿಂದಿರುಗುವ ಟಿಕೆಟನ್ನು ಮೊದಲು ತೆಗೆಯಿರಿ. ಭಾನುವಾರ ರಾತ್ರಿ ಉತ್ತರ ಕರ್ನಾಟಕದಿಂದಲೂ ಕರಾವಳಿಯಿಂದಲೂ ಬೆಂಗಳೂರಿಗೆ ಬರುವ ಬಸ್ಸು, ರೈಲುಗಳು ಊರಿಗೆ ಹೋಗಿ ಬರುವ ನೌಕರರಿಂದ ತುಂಬಿರುತ್ತವೆ, ಸಾಲು ರಜೆಯಿದ್ದರೆ ಖಾಸಗಿ ಬಸ್ಸುಗಳ ದರ ಹೇಳತೀರದು. ರೈಲಿನ ಮುಂಗಡ ಕಾಯ್ದಿರಿಸುವಿಕೆ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳ ಮುಂಚೆ ತೆರೆಯುತ್ತದೆ. ತತ್ಕಾಲ್ ಟಿಕೆಟು ಹಿಂದಿನ ದಿನ ಹವಾನಿಯಂತ್ರಿತ ದರ್ಜೆಗೆ ಬೆಳಿಗ್ಗೆ 10ಕ್ಕೆ, ಉಳಿದ ದರ್ಜೆಗೆ 11ಕ್ಕೆ ಸಿಗುತ್ತದಾದರೂ, ನಿಮ್ಮನ್ನು ನಂಬಿ ಕರಪತ್ರ ಅಚ್ಚು ಹಾಕಿಸಿದವರಿರುವಾಗ ಅದರ ಮೇಲೆ ಭಾರ ಹಾಕುವುದು ಸರಿಯಲ್ಲ.

ಹುಬ್ಬಳ್ಳಿ ಧಾರವಾಡಕ್ಕೆ ಹೋಗುವವರು ರಸ್ತೆಯಲ್ಲಿ ಸುಮಾರು 410 ಕಿಲೋಮೀಟರ್ ಆಗುವ ದೂರವನ್ನು ರಾತ್ರಿಯ ರೈಲಿನಲ್ಲಿ ಕ್ರಮಿಸುವುದೇ ಒಳ್ಳೆಯದು. 2023ರ ಜೂನ್‌ನಲ್ಲಿ ಆರಂಭವಾದ ಧಾರವಾಡದ ವಂದೇ ಭಾರತ್ ವೇಗದ್ದೇನೋ ಹೌದು, ಆದರೆ ಅದು ಬೆಂಗಳೂರನ್ನು ಬೆಳಿಗ್ಗೆ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ತಲುಪುವ ರೈಲು. ಬೆಳಗಿನ ಕಾರ್ಯಕ್ರಮಕ್ಕೆ ಅದನ್ನು ಹಿಂದಿನ ದಿನವೇ ಹತ್ತಬೇಕಾಗುತ್ತದೆ. ಹುಬ್ಬಳ್ಳಿ ನಿಲ್ದಾಣದ 1,507 ಮೀಟರಿನ ಪ್ಲಾಟ್‌ಫಾರ್ಮಿನಲ್ಲಿ ಯಾವ ತುದಿಗೆ ಇಳಿಯುತ್ತೀರಿ ಎಂಬುದನ್ನು ಕರೆಯಲು ಬರುವ ಹುಡುಗನಿಗೆ ಡಬ್ಬಿಯ ಸಂಖ್ಯೆ ಸಮೇತ ತಿಳಿಸಿದರೆ ಅವನ ಓಡಾಟ ಉಳಿಯುತ್ತದೆ. ಅವಳಿ ನಗರಗಳ ನಡುವೆ ಮೀಸಲು ಪಥದಲ್ಲಿ ಓಡುವ ಚಿಗರಿ ಬಸ್ಸು ಇರುವುದರಿಂದ, ಕಾಲೇಜು ಧಾರವಾಡದ ಕಡೆಗಿದ್ದು ನೀವು ಹುಬ್ಬಳ್ಳಿಯಲ್ಲಿ ಇಳಿದರೂ ಕಾರು ಕಳುಹಿಸಿ ಎನ್ನಬೇಕಾಗಿಲ್ಲ.

ಮಂಗಳೂರಿನ ದಾರಿಗೆ ಮಳೆಗಾಲದ ಲೆಕ್ಕ ಬೇರೆ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಟ್ಟದ ಹಳಿಯ ಮೇಲೂ ಶಿರಾಡಿಯ ರಸ್ತೆಯಲ್ಲೂ ಜುಲೈ, ಆಗಸ್ಟ್‌ನಲ್ಲಿ ಗುಡ್ಡ ಕುಸಿಯುವುದು ಅಪರೂಪವಲ್ಲ. 2024ರ ಜುಲೈ ಕೊನೆಯಲ್ಲಿ ಯಡಕುಮೇರಿಯ ಬಳಿ ಕುಸಿತವಾಗಿ ರೈಲುಗಳು ಹಲವು ದಿನ ನಿಂತಿದ್ದವು. ಆ ತಿಂಗಳುಗಳಲ್ಲಿ ಕರಾವಳಿಯ ಆಹ್ವಾನ ಬಂದರೆ ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ ಮುಂದೂಡಲು ಸಾಧ್ಯವೇ ಎಂದು ಕೇಳಿ, ಆಗದಿದ್ದರೆ ಒಂದು ದಿನ ಮೊದಲೇ ತಲುಪುವಂತೆ ಹೊರಡಿ. ಕಲಬುರಗಿ, ಬೀದರಿಗೆ ದೂರವೇ ಹೆಚ್ಚು, ಒಂದು ರಾತ್ರಿಯ ಪ್ರಯಾಣದ ಕೊನೆಗೆ ನೇರವಾಗಿ ವೇದಿಕೆಗೆ ಹೋದರೆ ಮಧ್ಯಾಹ್ನದ ಹೊತ್ತಿಗೆ ದನಿ ಉಡುಗಿರುತ್ತದೆ. ಅಂಥ ಊರಿಗೆ ಹೋದಾಗ ಎರಡು ಕಾಲೇಜುಗಳ ಕಾರ್ಯಕ್ರಮವನ್ನು ಶುಕ್ರವಾರ, ಶನಿವಾರಗಳಿಗೆ ಜೋಡಿಸಿಕೊಂಡರೆ ದಾರಿ ಸಾರ್ಥಕವಾಗುತ್ತದೆ.

ಮಹಿಳಾ ಭಾಷಣಕಾರರು ವಸತಿಯ ಸ್ಥಳ, ಅಲ್ಲಿಗೆ ಕರೆದೊಯ್ಯುವವರು ಯಾರು, ಬಸ್ಸು ನಸುಕಿನ ನಾಲ್ಕಕ್ಕೆ ತಲುಪಿದರೆ ಏನು ವ್ಯವಸ್ಥೆ ಎಂಬುದನ್ನು ಅಧ್ಯಾಪಕಿಯೊಬ್ಬರ ಮೂಲಕ ಮೊದಲೇ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಸಂಘಟಕರು ಗಂಡುಹುಡುಗರೇ ಆಗಿದ್ದಾಗ ಈ ಪ್ರಶ್ನೆಗಳು ಅವರಿಗೆ ಹೊಳೆಯುವುದೇ ಇಲ್ಲ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ಸೀಮಿತವಾದದ್ದರಿಂದ ರಾತ್ರಿಯ ಸ್ಲೀಪರ್ ಬಸ್ಸಿಗೆ ಟಿಕೆಟಿನ ಹಣ ಕೊಡಲೇಬೇಕು, ಅದನ್ನು ಖರ್ಚಿನ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ವಸತಿ ಕಾಲೇಜಿನ ಅತಿಥಿಗೃಹದಲ್ಲಾದರೆ ರಾತ್ರಿ ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಯಾರೇ ಆದರೂ ಕೇಳಿಕೊಂಡಿರಬೇಕು.

ಲ್ಯಾಬು

ಬೆಂಗಳೂರಿನ ಮೀಟಪ್ಪಿಗೆ ಪ್ರತಿಯೊಬ್ಬರೂ ತಮ್ಮದೇ ಲ್ಯಾಪ್‌ಟಾಪಿನೊಡನೆ, ಎಲ್ಲ ತಂತ್ರಾಂಶ ಹಾಕಿಕೊಂಡೇ ಬರುತ್ತಾರೆ ಎಂಬ ಅಭ್ಯಾಸದಲ್ಲಿ ಸಿದ್ಧಪಡಿಸಿದ ಕಾರ್ಯಾಗಾರ ಕಾಲೇಜಿನ ಲ್ಯಾಬಿನಲ್ಲಿ ಮೊದಲ ಒಂದು ಗಂಟೆಯಲ್ಲೇ ಕುಸಿಯುತ್ತದೆ. ಅಲ್ಲಿನ ಯಂತ್ರಗಳಲ್ಲಿ ವಿಂಡೋಸಿನ ಯಾವ ಆವೃತ್ತಿ ಇದೆ, ಸ್ಮರಣೆ ಎಷ್ಟು, ತಂತ್ರಾಂಶ ಸ್ಥಾಪಿಸಲು ನಿರ್ವಾಹಕರ ಗುಪ್ತಪದ ಯಾರ ಬಳಿ ಇದೆ, ಅವರು ಶನಿವಾರ ಬರುತ್ತಾರೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ನಿಮ್ಮ ಕೈಯಲ್ಲಿರಲಿ. ಯಾವುದಾದರೂ ಒಂದು ಯಂತ್ರದ ಮುಂದೆ ವಿದ್ಯಾರ್ಥಿಯನ್ನು ಕೂರಿಸಿ, ನೀವು ಬೇಕೆನ್ನುವ ತಂತ್ರಾಂಶವನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಸ್ಥಾಪಿಸಿ ಪರದೆಯ ಚಿತ್ರ ಕಳುಹಿಸುವಂತೆ ಕೇಳಿ. ಈ ಒಂದು ಕೆಲಸದಿಂದ ತಿಳಿದುಬರುವಷ್ಟು ಹತ್ತು ಪ್ರಶ್ನೆಗಳಿಂದಲೂ ತಿಳಿಯುವುದಿಲ್ಲ. ಹಲವು ಲ್ಯಾಬುಗಳಲ್ಲಿ ಡೀಪ್ ಫ್ರೀಜ್‌ನಂಥ ತಂತ್ರಾಂಶವಿದ್ದು, ಯಂತ್ರ ಮರುಚಾಲನೆಯಾದೊಡನೆ ಸ್ಥಾಪಿಸಿದ್ದೆಲ್ಲ ಅಳಿಸಿಹೋಗುತ್ತದೆ. ಹಿಂದಿನ ದಿನ ಎಲ್ಲವನ್ನೂ ಹಾಕಿಟ್ಟಿದ್ದೇವೆ ಸಾರ್ ಎಂಬ ಮಾತು ನಿಜವಾಗಿದ್ದರೂ ಬೆಳಿಗ್ಗೆ ಅಲ್ಲಿ ಏನೂ ಇರುವುದಿಲ್ಲ.

ಅಂತರ್ಜಾಲದ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಬೇಕು. 40 ಯಂತ್ರಗಳು ತಲಾ 300 ಮೆಗಾಬೈಟ್ ಇಳಿಸಿಕೊಂಡರೆ ಒಟ್ಟು 12 ಗಿಗಾಬೈಟ್ ಆಯಿತು. ಲ್ಯಾಬಿಗೆ ಬರುವ ಸಂಪರ್ಕ ಸೆಕೆಂಡಿಗೆ 20 ಮೆಗಾಬಿಟ್‌ನದ್ದಾದರೆ, ಬೇರೆ ಯಾರೂ ಅದನ್ನು ಬಳಸದಿದ್ದರೂ, ಇಷ್ಟು ಇಳಿಯಲು 80 ನಿಮಿಷ ಬೇಕು. ಆದ್ದರಿಂದ ಇಳಿಸಬೇಕಾದದ್ದನ್ನೆಲ್ಲ ಮನೆಯಲ್ಲೇ ಇಳಿಸಿಕೊಂಡು ಹೋಗುವುದು ನಿಯಮವಾಗಬೇಕು. ಪೈಥಾನ್ ಕಾರ್ಯಾಗಾರವಾದರೆ ಪಿಪ್ ಡೌನ್‌ಲೋಡ್ ಆದೇಶದಿಂದ ಬೇಕಾದ ಪೊಟ್ಟಣಗಳನ್ನೆಲ್ಲ (ಪ್ಯಾಕೇಜುಗಳನ್ನೆಲ್ಲ) ಒಂದು ಕಡತಕೋಶಕ್ಕೆ ತುಂಬಿಕೊಂಡು, ಅಲ್ಲಿ ಜಾಲದ ನೆರವಿಲ್ಲದೆ ಅದೇ ಕೋಶದಿಂದ ಸ್ಥಾಪಿಸಬಹುದು. ಆದರೆ ಲ್ಯಾಬಿನ ಯಂತ್ರಗಳ ಕಾರ್ಯಾಚರಣ ವ್ಯವಸ್ಥೆಗೂ ಪೈಥಾನ್ ಆವೃತ್ತಿಗೂ ಹೊಂದುವ ಪೊಟ್ಟಣಗಳೇ ಆಗಿರಬೇಕು, ನಿಮ್ಮ ಲಿನಕ್ಸ್ ಲ್ಯಾಪ್‌ಟಾಪಿಗೆ ಇಳಿದವು ಅಲ್ಲಿ ನಡೆಯುವುದಿಲ್ಲ. ಕೋಶವನ್ನು ಹಂಚಲು ಪೈಥಾನಿನೊಡನೆಯೇ ಬರುವ ಪುಟ್ಟ ಎಚ್‌ಟಿಟಿಪಿ ಸರ್ವರನ್ನು ನಿಮ್ಮ ಯಂತ್ರದಲ್ಲಿ ಓಡಿಸಿ, ಅದರ ವಿಳಾಸವನ್ನು ಬಿಳಿಹಲಗೆಯ ಮೇಲೆ ದೊಡ್ಡದಾಗಿ ಬರೆದರೆ ಸಾಕು. ಲ್ಯಾಬಿನ ಜಾಲದೊಳಗೆ ಒಂದು ಯಂತ್ರ ಇನ್ನೊಂದನ್ನು ಕಾಣದಂತೆ ಕಟ್ಟು ಹಾಕಿದ್ದರೆ ಪೆನ್‌ಡ್ರೈವುಗಳೇ ಗತಿ. ನಾಲ್ಕೈದು ಪೆನ್‌ಡ್ರೈವುಗಳಲ್ಲಿ ಒಂದೇ ಪ್ರತಿಯನ್ನು ತುಂಬಿಕೊಂಡು ಹೋಗಿ ಸಾಲಿಗೊಂದರಂತೆ ಕೊಡಿ, ಲ್ಯಾಬಿನಲ್ಲಿ ಓಡಾಡಿದ ಪೆನ್‌ಡ್ರೈವನ್ನು ಮನೆಗೆ ಬಂದ ಮೇಲೆ ಅಳಿಸಿ ಹೊಸದಾಗಿ ಸಿದ್ಧಪಡಿಸದೆ ನಿಮ್ಮ ಯಂತ್ರಕ್ಕೆ ಸಿಕ್ಕಿಸಬೇಡಿ.

ಕಾಲೇಜಿನ ಜಾಲದ ತಡೆಗೋಡೆಯ (ಫೈರ್‌ವಾಲ್) ಬಗ್ಗೆಯೂ ಒಂದು ಮಾತು. ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಸಂಪರ್ಕಿಸುವ ಎಸ್‌ಎಸ್‌ಎಚ್ ಬಳಸುವ 22ನೆಯ ಪೋರ್ಟು ಮುಚ್ಚಿರುವುದು ತೀರ ಸಾಮಾನ್ಯ. ಗಿಟ್ ಕಡತಗಳನ್ನು ಇಡುವ ಜಾಲತಾಣವಾದ ಗಿಟ್‌ಹಬ್‌ಗೆ ಎಚ್‌ಟಿಟಿಪಿಎಸ್ ಮೂಲಕ ಹೋಗುವುದನ್ನೇ ಕಲಿಸಿ, ಎಸ್‌ಎಸ್‌ಎಚ್ ಬೇಕೇ ಬೇಕೆಂದರೆ 443ನೆಯ ಪೋರ್ಟಿನಲ್ಲಿ ಅದನ್ನು ನಡೆಸಲು ಗಿಟ್‌ಹಬ್ ಕೊಟ್ಟಿರುವ ದಾರಿಯನ್ನು ಟಿಪ್ಪಣಿಯಲ್ಲಿ ಬರೆದಿಟ್ಟುಕೊಳ್ಳಿ. ಗಿಟ್‌ಹಬ್ ಖಾತೆಯನ್ನು ಮನೆಯಿಂದಲೇ ತೆರೆದು ಬನ್ನಿ ಎಂದು ಹಿಂದಿನ ವಾರ ಹೇಳಿಸಿ. ವಿಕಿಪೀಡಿಯ ಕಾರ್ಯಾಗಾರಕ್ಕೆ ಇದು ಇನ್ನೂ ಮುಖ್ಯ. ಒಂದೇ ಐಪಿ ವಿಳಾಸದಿಂದ ದಿನಕ್ಕೆ 6ಕ್ಕಿಂತ ಹೆಚ್ಚು ಹೊಸ ಖಾತೆಗಳನ್ನು ತೆರೆಯಲು ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಬಿಡುವುದಿಲ್ಲ. ಇಡೀ ಕಾಲೇಜು ಒಂದೇ ವಿಳಾಸದಿಂದ ಹೊರಗೆ ಹೋಗುವುದರಿಂದ ಏಳನೆಯ ವಿದ್ಯಾರ್ಥಿಗೆ ಬಾಗಿಲು ಮುಚ್ಚಿರುತ್ತದೆ. ಖಾತೆಗಳನ್ನು ಮೊದಲೇ ತೆರೆಸುವುದು ಒಂದು ದಾರಿ, ಆ ವಿಳಾಸಕ್ಕೆ ಆ ದಿನದ ಮಟ್ಟಿಗೆ ಮಿತಿ ಸಡಿಲಿಸುವಂತೆ ವಿಕಿಮೀಡಿಯಕ್ಕೆ ಮುಂಚಿತವಾಗಿ ಮನವಿ ಸಲ್ಲಿಸುವುದು ಇನ್ನೊಂದು. ಕನ್ನಡ, ತುಳು ವಿಕಿಪೀಡಿಯಗಳ ಅನುಭವಿ ಸಂಪಾದಕರು ಈ ವಿಷಯದಲ್ಲಿ ನೆರವಾಗುತ್ತಾರೆ.

ಪ್ರೊಜೆಕ್ಟರು ಹಳೆಯದೆಂದೇ ತಿಳಿದು ಹೊರಡಿ. ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಕೊಂಡಿ, ಸ್ಲೈಡುಗಳ ಪಿಡಿಎಫ್ ಪ್ರತಿ, ಮೂರು ರಂಧ್ರದ ಉದ್ದನೆಯ ವಿದ್ಯುತ್ ಹಗ್ಗ ಇಷ್ಟು ಚೀಲದಲ್ಲಿರಬೇಕು. ಪರದೆಯಿಲ್ಲದ ಕಿಟಕಿಗಳ ಕೋಣೆಯಲ್ಲಿ ಕಪ್ಪು ಹಿನ್ನೆಲೆಯ ಎಡಿಟರು ಕೊನೆಯ ಸಾಲಿಗೆ ಕಾಣುವುದಿಲ್ಲ, ಬಿಳಿಯ ಮೇಲೆ ಕಪ್ಪಕ್ಷರ ಮಾಡಿಕೊಂಡು ಗಾತ್ರ ಹಿಗ್ಗಿಸಿ. ಸ್ಲೈಡಿನಲ್ಲಿ ಕನ್ನಡವಿದ್ದರೆ ಅಕ್ಷರಶೈಲಿಯನ್ನು ಪಿಡಿಎಫ್ ಒಳಗೇ ಸೇರಿಸಿ ಒಯ್ಯುವುದು ಕಡ್ಡಾಯ. ಹಳೆಯ ವಿಂಡೋಸಿನಲ್ಲಿ ತುಂಗಾ, ಈಚಿನದರಲ್ಲಿ ನಿರ್ಮಲಾ ಅಕ್ಷರಶೈಲಿ ಇರುತ್ತದೆ, ಆದರೆ ನೀವು ಗುಬ್ಬಿ, ನವಿಲು ಎಂಬ ಶೈಲಿಗಳಲ್ಲಿ ಬರೆದದ್ದು ಅಲ್ಲಿ ಬೇರೆ ಶೈಲಿಗೆ ತಿರುಗಿ ಸಾಲುಗಳು ಪುಟದಿಂದ ಹೊರಗೆ ಹೋಗುತ್ತವೆ. ನುಡಿ ತಂತ್ರಾಂಶದ ಹಳೆಯ ಕಡತದಿಂದ ನಕಲು ಮಾಡಿದ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸದಿದ್ದರೆ ಬರಿಯ ಚಿತ್ರವಿಚಿತ್ರ ಲ್ಯಾಟಿನ್ ಅಕ್ಷರಗಳು ಕಾಣಿಸುತ್ತವೆ.

ಕರೆಂಟು ಹೋಗುವುದನ್ನೂ ಯೋಚಿಸಿರಬೇಕು. ಲ್ಯಾಬಿನ ಯುಪಿಎಸ್‌ಗೆ ಪ್ರೊಜೆಕ್ಟರು ಸೇರಿರದಿದ್ದರೆ ಪರದೆ ಕಪ್ಪಾದರೂ ವಿದ್ಯಾರ್ಥಿಗಳ ಯಂತ್ರಗಳು ನಡೆಯುತ್ತಿರುತ್ತವೆ. ಆಗ ಮುಂದುವರಿಯಲು ಅಭ್ಯಾಸದ ಹಂತಗಳನ್ನು ಅಚ್ಚು ಹಾಕಿಸಿದ ಒಂದೆರಡು ಪುಟಗಳ ಕೈಪಿಡಿ ಇರಲಿ. ಝೆರಾಕ್ಸ್ ಅಂಗಡಿ ಪ್ರತಿ ಕಾಲೇಜಿನ ಎದುರಿಗೂ ಇರುತ್ತದೆ, ಹಿಂದಿನ ದಿನ ಪಿಡಿಎಫ್ ಕಳುಹಿಸಿದರೆ ಸಾಕು.

ಉದ್ಘಾಟನೆ

ವೇಳಾಪಟ್ಟಿಯಲ್ಲಿ ಉದ್ಘಾಟನೆಗೆ ಅರ್ಧ ಗಂಟೆ ಎಂದಿದ್ದರೆ ಒಂದೂವರೆ ಗಂಟೆ ಎಂದು ಓದಿಕೊಳ್ಳಿ. ಪ್ರಾರ್ಥನೆ, ನಾಡಗೀತೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಮುಖ್ಯ ಅತಿಥಿಗಳ ಮಾತು, ಅಧ್ಯಕ್ಷೀಯ ಭಾಷಣ, ಸನ್ಮಾನ, ವಂದನಾರ್ಪಣೆ ಇವುಗಳಲ್ಲಿ ಯಾವುದನ್ನೂ ಬಿಡುವಂತಿಲ್ಲ, ಬಿಟ್ಟರೆ ಅಧ್ಯಾಪಕರಿಗೆ ತೊಂದರೆ. ನಾಡಗೀತೆಗೆ 2022ರಲ್ಲಿ ಸರ್ಕಾರವೇ 2 ನಿಮಿಷ 30 ಸೆಕೆಂಡಿನ ಮಿತಿ ಹಾಕಿದೆ, ಸ್ವಾಗತ ಭಾಷಣಕ್ಕೆ ಮಿತಿ ಹಾಕುವವರು ಇನ್ನೂ ಹುಟ್ಟಿಲ್ಲ. ಇದನ್ನು ಗೇಲಿ ಮಾಡಿ ಪ್ರಯೋಜನವಿಲ್ಲ. ಮುಂದಿನ ಕಾರ್ಯಾಗಾರಕ್ಕೆ ಲ್ಯಾಬು, ಬಸ್ಸು, ಹಣ ಮಂಜೂರು ಮಾಡುವ ಪ್ರಾಂಶುಪಾಲರು, ಆಡಳಿತ ಮಂಡಳಿಯವರು ಈ ಕಾರ್ಯಕ್ರಮವನ್ನು ನೋಡುವುದೇ ಆ ಒಂದು ಗಂಟೆಯಲ್ಲಿ. ವಿದ್ಯಾರ್ಥಿಗಳು ಮಾಡಿದ ಕೆಲಸವನ್ನು ಅವರ ಎದುರಿಗೆ ಹೆಸರು ಹಿಡಿದು ಹೇಳಲು ನಿಮಗೆ ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಆದರೆ ಸಮಯವನ್ನು ಉಳಿಸಿಕೊಳ್ಳುವ ಉಪಾಯಗಳಿವೆ. ಉದ್ಘಾಟನೆಯನ್ನು ಬೆಳಿಗ್ಗೆ ಇಡುವ ಬದಲು ಊಟದ ಹಿಂದಿನ ಗಂಟೆಗೆ ಇಟ್ಟು, ಒಂಬತ್ತಕ್ಕೇ ಲ್ಯಾಬು ಆರಂಭಿಸಬಹುದೇ ಎಂದು ಅಧ್ಯಾಪಕರನ್ನು ಕೇಳಿ. ಅತಿಥಿಗಳೂ ಹನ್ನೆರಡರ ಹೊತ್ತಿಗೆ ಬರಲು ಇಷ್ಟಪಡುತ್ತಾರೆ. ಅದು ಆಗದಿದ್ದರೆ, ಸಭಾಂಗಣದಲ್ಲಿ ಕಾರ್ಯಕ್ರಮ ನಡೆಯುತ್ತಿರುವಾಗ ಇಬ್ಬರು ಸ್ವಯಂಸೇವಕರು ಲ್ಯಾಬಿನಲ್ಲಿ ಸ್ಥಾಪನೆಯ ಕೆಲಸ ಮುಗಿಸುತ್ತಿರಲಿ. ನಿಮ್ಮ ಪಾಠವನ್ನು ಮೂರು ತುಂಡುಗಳಾಗಿ ಸಿದ್ಧಪಡಿಸಿಕೊಂಡು, ಮೊದಲ ಎರಡರಲ್ಲೇ ಮುಗಿತಾಯ ಬರುವಂತೆ ಮಾಡಿಕೊಂಡರೆ ಮೂರನೆಯದು ನುಂಗಿಹೋದರೂ ಹಾನಿಯಿಲ್ಲ. ನಿಮ್ಮ ಪರಿಚಯವನ್ನು ನೀವೇ ನಾಲ್ಕು ಸಾಲಿನಲ್ಲಿ ಕನ್ನಡದಲ್ಲಿ ಬರೆದು ಕಳುಹಿಸಿಬಿಡಿ. ಕಳುಹಿಸದಿದ್ದರೆ ನಿರೂಪಕಿ ಲಿಂಕ್ಡ್‌ಇನ್ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾಳೆ.

ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಫಲಕ ಬೇಡವೆನ್ನುವವರು ಒಂದು ವಾರ ಮೊದಲೇ ಹೇಳಬೇಕು, ತಂದಿಟ್ಟ ಮೇಲೆ ಬೇಡವೆನ್ನುವುದು ಒರಟುತನ. ಸರ್ಕಾರಿ ಸಮಾರಂಭಗಳಲ್ಲಿ ಹಾರ ತುರಾಯಿಗಳ ಬದಲು ಕನ್ನಡ ಪುಸ್ತಕ ಕೊಡಿ ಎಂದು 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಸೂಚಿಸಿತ್ತು. ಅದನ್ನು ನೆಪ ಮಾಡಿಕೊಂಡು ಪುಸ್ತಕ ಕೇಳಬಹುದು. ಬಸ್ಸಿನ ಮೇಲಿನ ಬರ್ತಿನಲ್ಲಿ ಗಾಜಿನ ಫಲಕಕ್ಕಿಂತ ಪುಸ್ತಕ ಸುಲಭವಾಗಿ ಕೂರುತ್ತದೆ.

ಭಾಷೆ ಮತ್ತು ಪ್ರಶ್ನೆಗಳು

ಪಾಠವನ್ನು ಯಾವ ಭಾಷೆಯಲ್ಲಿ ಮಾಡಬೇಕು ಎಂಬುದನ್ನು ಊಹಿಸಬೇಡಿ, ಕೇಳಿ. ದಾವಣಗೆರೆ, ಹಾವೇರಿ, ಚಿತ್ರದುರ್ಗಗಳ ಪದವಿ ಮತ್ತು ಡಿಪ್ಲೊಮಾ ಕಾಲೇಜುಗಳಲ್ಲಿ ಕನ್ನಡದಲ್ಲಿ ವಿವರಿಸಿದರೆ ಅಲ್ಲಿಯವರೆಗೆ ಸುಮ್ಮನಿದ್ದ ಹಿಂದಿನ ಬೆಂಚಿನವರು ಪ್ರಶ್ನೆ ಕೇಳಲು ಆರಂಭಿಸುತ್ತಾರೆ. ಮಂಗಳೂರಿನ ವೃತ್ತಿಪರ ಕಾಲೇಜುಗಳಲ್ಲಿ ಕೇರಳದ ವಿದ್ಯಾರ್ಥಿಗಳು ಗಣನೀಯವಾಗಿರುತ್ತಾರೆ, ಸ್ಥಳೀಯರ ಮನೆಮಾತೂ ತುಳು, ಕೊಂಕಣಿ, ಬ್ಯಾರಿ ಆಗಿರಬಹುದು. ಬೆಳಗಾವಿಯಲ್ಲಿ ಮರಾಠಿ, ಬಳ್ಳಾರಿಯಲ್ಲಿ ತೆಲುಗು, ಬೀದರ್, ಕಲಬುರಗಿಗಳಲ್ಲಿ ಉರ್ದು ಮಾತನಾಡುವವರಿರುತ್ತಾರೆ. ವಿವರಣೆ ಕನ್ನಡದಲ್ಲಿ, ಪಾರಿಭಾಷಿಕ ಪದಗಳು ಪಠ್ಯಪುಸ್ತಕದಲ್ಲಿರುವಂತೆ ಇಂಗ್ಲಿಷಿನಲ್ಲಿ, ಸ್ಲೈಡು ಎರಡರಲ್ಲೂ ಎಂಬ ಏರ್ಪಾಡು ಬಹುತೇಕ ಕಡೆ ಸರಿಹೋಗುತ್ತದೆ. ಧಾರವಾಡಕ್ಕೆ ಹೋದ ತಕ್ಷಣ ಅಲ್ಲಿಯವರ ಮಾತಿನ ಧಾಟಿಯನ್ನು ಅನುಕರಿಸಲು ಹೋಗುವುದು ಮಾತ್ರ ಬೇಡ, ನಿಮ್ಮ ಕನ್ನಡ ಅವರಿಗೆ ಚೆನ್ನಾಗಿಯೇ ತಿಳಿಯುತ್ತದೆ.

ಯಾವ ವಿಷಯದ ಮೇಲೆ ಮಾತನಾಡಿದರೂ ಕೊನೆಯಲ್ಲಿ ಬರುವ ಪ್ರಶ್ನೆ ಒಂದೇ: ಯಾವ ಕೋರ್ಸು ಮಾಡಿದರೆ ಕೆಲಸ ಸಿಗುತ್ತದೆ? ಇದಕ್ಕೆ ಉತ್ತರ ಸಿದ್ಧವಿರಬೇಕು, ಅದು ಪ್ರಾಮಾಣಿಕವಾಗಿಯೂ ಇರಬೇಕು. ನಿಮ್ಮ ಕಂಪನಿಯ ನೇಮಕಾತಿಯ ಬಗ್ಗೆ ಆಸೆ ಹುಟ್ಟಿಸುವ ಒಂದು ಮಾತು ಕೂಡ ಬೇಡ, ಸ್ವವಿವರಗಳ ಕಟ್ಟನ್ನು ತೆಗೆದುಕೊಂಡು ಬರುವುದೂ ಬೇಡ. ದುಬಾರಿ ತರಬೇತಿ ಕೇಂದ್ರಗಳ ಹೆಸರು ಹೇಳಿ ಅಭಿಪ್ರಾಯ ಕೇಳಿದರೆ, ಹಣ ಕೊಡುವ ಮೊದಲು ಅದೇ ವಿಷಯವನ್ನು ಉಚಿತ ದಾಖಲೆಗಳಿಂದ ಎರಡು ವಾರ ಕಲಿತು ನೋಡಿ ಎಂದಷ್ಟೇ ಹೇಳುವುದು ಕ್ಷೇಮ. ವಿದ್ಯಾರ್ಥಿನಿಯರು ಸಭೆಯಲ್ಲಿ ಕೈಯೆತ್ತದೆ ಚಹಾ ವಿರಾಮದಲ್ಲಿ ಗುಂಪಾಗಿ ಬಂದು ಕೇಳುವುದು ಸಾಮಾನ್ಯವಾದ್ದರಿಂದ ಆ ವಿರಾಮವನ್ನು ಪ್ರಾಂಶುಪಾಲರ ಕೋಣೆಯಲ್ಲಿ ಕಳೆಯದಂತೆ ನೋಡಿಕೊಳ್ಳಿ. ಊಟದ ನಂತರದ ಮೊದಲ ಗಂಟೆಯಲ್ಲಿ ಮಾತು ಆಡಬೇಡಿ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡವರಿಗೆ ಕೀಲಿಮಣೆ ಕೊಟ್ಟು ಕೆಲಸ ಹಚ್ಚಿದರೆ ಎಚ್ಚರವಾಗಿರುತ್ತಾರೆ.

ಹಿಂದಿರುಗಿದ ಮೇಲೆ

ಸ್ಲೈಡು, ಕೈಪಿಡಿ, ಮಾದರಿ ಕಡತಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಸಿಗುವಂತೆ ಹಾಕಿ, ಅದರ ಕೊಂಡಿಯನ್ನು ಸೋಮವಾರವೇ ಕಳುಹಿಸಿ. ಒಂದು ವಾರ ಕಳೆದರೆ ತೆರೆದು ನೋಡುವವರು ಕಡಿಮೆ. ನಿಮ್ಮ ಸ್ವಂತ ಮೊಬೈಲ್ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದು ಬರುವ ಬದಲು, ಆ ಕಾಲೇಜಿನ ವಿದ್ಯಾರ್ಥಿಗಳೇ ನಡೆಸುವ ಒಂದು ಗುಂಪಿನಲ್ಲಿ ತಿಂಗಳ ಮಟ್ಟಿಗೆ ಉತ್ತರ ಕೊಡುವುದಾಗಿ ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಪ್ರಯಾಣದ ರಸೀತಿಗಳನ್ನು ಒಂದೇ ಪಿಡಿಎಫ್ ಮಾಡಿ ಒಂದೇ ಮಿಂಚಂಚೆಯಲ್ಲಿ ಅಧ್ಯಾಪಕರಿಗೆ ಕಳುಹಿಸುವುದರಿಂದ ಅವರ ಕೆಲಸ ಹಗುರವಾಗುತ್ತದೆ.

ಅದೇ ಕಾಲೇಜು ಮರುವರ್ಷ ಮತ್ತೆ ನಿಮ್ಮನ್ನೇ ಕರೆದರೆ, ಲ್ಯಾಬಿನಲ್ಲಿ ಬೇರೆಯವರಿಗೆ ಹೇಳಿಕೊಡುತ್ತಿದ್ದ ಅಂತಿಮ ವರ್ಷದ ವಿದ್ಯಾರ್ಥಿಯೋ ಅದೇ ಊರಿನ ಸಣ್ಣ ತಂತ್ರಾಂಶ ಸಂಸ್ಥೆಯಲ್ಲಿ ಕೆಲಸ ಮಾಡುವವರೋ ಬೆಳಗಿನ ಅರ್ಧ ದಿನವನ್ನು ನಡೆಸಲಿ, ಆಗ ಮಾತ್ರ ಬರುತ್ತೇನೆ ಎಂದು ಷರತ್ತು ಹಾಕಬಹುದು. ಅವರಿಗೆ ಸ್ಲೈಡು ತಿದ್ದಿಕೊಡಲು ಒಂದೆರಡು ಸಂಜೆ ವೀಡಿಯೊ ಕರೆ ಬೇಕಾಗುತ್ತದೆ. ಆಯಾ ಊರಿನಲ್ಲೇ ಮಾತನಾಡಬಲ್ಲವರು ಸಿಕ್ಕಿದ ಮೇಲೆ ಆ ಊರಿನ ರಾತ್ರಿ ಬಸ್ಸಿನ ಟಿಕೆಟನ್ನು ಇನ್ನೂ ಯಾರೂ ಹೋಗದ ತಾಲ್ಲೂಕು ಕೇಂದ್ರದ ಪಾಲಿಟೆಕ್ನಿಕ್ಕಿಗೆ ಬದಲಿಸಿಕೊಳ್ಳಬಹುದು. ಅಲ್ಲಿಂದ ಆಹ್ವಾನ ತಾನಾಗಿ ಬರುವುದು ಕಷ್ಟ. ಪ್ರಾಂಶುಪಾಲರಿಗೆ ಕನ್ನಡದಲ್ಲಿ ಒಂದು ಪುಟದ ಪತ್ರ ಬರೆದು, ವಿಷಯ, ಬೇಕಾಗುವ ಗಂಟೆಗಳು, ಬೇಕಾಗುವ ಯಂತ್ರಗಳ ಸಂಖ್ಯೆ, ಖರ್ಚನ್ನು ಯಾರು ಭರಿಸುತ್ತಾರೆ ಎಂಬ ನಾಲ್ಕನ್ನು ಸ್ಪಷ್ಟವಾಗಿ ತಿಳಿಸಿ, ಎರಡು ವಾರದ ನಂತರ ದೂರವಾಣಿ ಮಾಡಿ.